ಬಿಳಿ ಸಾಲಿನ ನೇರಳೆ ಡೇರೆ

ಅಂಗಳದಲ್ಲಿ ಹೂವಿನ ಬಣ್ಣ ಹೊಂದಿಸಿಕೊಡೋದು ನನ್ನ ಕೆಲಸ. ಕೇಳೋಕೆ ತಂಪು, ಮಾಡೋಕೆ ಹೋದ್ರೆ ಎದೆ ಡವಡವ. ಗಿಡ ನೆಟ್ಟು ಹೂ ಬಿಡೋ ತನಕ ಏನಾದ್ರೊಂದು ಎಡವಟ್ಟು ಆಗ್ಲೇಬೇಕು.

೧. ಟೀಚರಮ್ಮನ ಷರತ್ತು

ಸಾಗರದಲ್ಲಿ ಆಫೀಸ್ ಕೆಲಸ ಬಿಟ್ಟು ಇದಕ್ಕಿಳಿದ ಮೇಲೆ ಸಿಕ್ಕ ಮೊದಲ ದೊಡ್ಡ ಅಂಗಳ ತೀರ್ಥಹಳ್ಳಿಯ ನಿವೃತ್ತ ಟೀಚರಮ್ಮನದು. ಮಗಳಿಗೆ ಸಂಬಂಧ ಕೂಡಿಬರೋ ಹಾಗಿತ್ತು; ನಿಶ್ಚಿತಾರ್ಥದ ಹೊತ್ತಿಗೆ ನಮ್ಮ ಕಡೆ ಡೇರೆ ಅನ್ನೋ ಡೇಲಿಯಾ ಹೂ ಅರಳಿರಬೇಕು. ಮುಂದೆ ಬಿಳಿ, ನಡುವೆ ತಿಳಿಹಳದಿ, ಹಿಂದೆ ಕಡುಗೆಂಪು.

"ಒಂದು ಹೂ ಬಣ್ಣ ತಪ್ಪಿದ್ರೂ ಈ ಊರಲ್ಲಿ ನಿಮ್ಮನ್ನ ಇನ್ಯಾರೂ ಕರೆಯಲ್ಲ, ನೋಡಿ" ಅಂದ್ರು.

ಅವರ ಕೈಲಿ ಕಲಿಯದ ಹೆಂಗಸರೇ ಆ ಊರಲ್ಲಿ ಕಡಿಮೆ. ಅವರು ಒಂದು ಮಾತು ಅಂದ್ರೆ ನನ್ನ ಕಥೆ ಮುಗೀತು.

೨. ಖಾಲಿ ಗುಂಡಿ

ಡೇರೆ ಗೆಡ್ಡೆ ನೋಡಿ ಹೂವಿನ ಬಣ್ಣ ಹೇಳೋಕೆ ಬ್ರಹ್ಮನಿಗೂ ಆಗಲ್ಲ. ಅದಕ್ಕೇ ಒಂದೊಂದಕ್ಕೂ ಗುರುತು ಹಾಕಿ ನೆಟ್ಟಿದ್ದೆ. ನಿಟ್ಟೂರಿನ ಗಂಡಿನ ಕಡೆಯವರು ಹೆಣ್ಣು ನೋಡಿ ಹೋದ ಮರುದಿನ ಬಂದ್ರೆ ಬಿಳಿ ಸಾಲಲ್ಲಿ ಒಂದು ಗುಂಡಿ ಖಾಲಿ! ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬರುತ್ತೆ ಅಂತ ನಮ್ಮ ಕಡೆ ನಂಬ್ತಾರೆ. ಎಂಥೆಂಥಾ ಮರ್ಯಾದಸ್ತರೂ ಸೆರಗಲ್ಲಿ ಗೆಡ್ಡೆ ಮುಚ್ಚಿಕೊಂಡು ಹೋಗ್ತಾರೆ.

"ನೀವೇ ಒಂದು ಕಡಿಮೆ ನೆಟ್ಟಿದೀರಿ" ಅಂದ್ರು ಟೀಚರಮ್ಮ. ನನಗೆ ಮೈಯೆಲ್ಲ ಉರಿದುಹೋಯ್ತು.

ವಾರ ಬಿಟ್ಟು ಇನ್ನೊಂದು ಬಿಳಿ ಗೆಡ್ಡೆ ಹುಡುಕಿ ತಗೊಂಡು ಹೋದ್ರೆ, ಗುಂಡಿ ತುಂಬಿ ಮೊಳಕೆ ನಿಂತಿದೆ!

"ನಾನು ನಿನ್ನೆ ಗಂಡಿನ ಮನೆ ನೋಡ್ಕೊಂಡು ಬಂದೆ. ಇದು ಮೊದಲಿಂದ ಇಲ್ಲೇ ಇತ್ತಮ್ಮ" ಅಂದ್ರು ಟೀಚರಮ್ಮ, ಆ ಕಡೆ ಮುಖ ತಿರುಗಿಸಿ. ತಂದಿದ್ದ ಬಿಳಿ ಗೆಡ್ಡೆ ಚೀಲದಲ್ಲೇ ವಾಪಸ್ ತಗೊಂಡು ಬಂದೆ.

೩. ನಿಶ್ಚಿತಾರ್ಥದ ಬೆಳಿಗ್ಗೆ

ಗೇಟು ದಾಟಿದವಳೇ ನೋಡ್ತೀನಿ. ಬಿಳಿ ಸಾಲಿನ ನಟ್ಟನಡುವೆ ಊಟದ ತಟ್ಟೆಯಷ್ಟಗಲದ ನೇರಳೆ ಡೇರೆ! ಕಿತ್ತುಬಿಡೋಣ ಅಂತ ಕೈ ಹಾಕೋದಕ್ಕೂ ಗಂಡಿನ ಕಡೆಯ ಕಾರು ಬಂದು ನಿಲ್ಲೋದಕ್ಕೂ ಸರಿಹೋಯ್ತು. ಗಂಡಿನ ತಾಯಿ ಇಳಿದವರೇ ಆ ಹೂವಿನ ಮುಂದೆ ನಿಂತ್ರು.

"ಅರೆ! ಈ ಬಣ್ಣ ನಮ್ಮನೇಲಿ ಬಿಟ್ರೆ ಎಲ್ಲೂ ಇಲ್ಲ. ಇಲ್ಲಿಗೆ ಹೆಂಗೆ ಬಂತು?"

ಟೀಚರಮ್ಮನ ಮುಖ ಬಿಳಿ ಸಾಲಿಗೆ ಹೊಂದುವಷ್ಟು ಬಿಳಿಚಿಕೊಂಡಿತು. ಮಗಳು ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡ್ತಿದ್ಲು. ಒಂದು ಗೆಡ್ಡೆಗೆ ಸಂಬಂಧ ಮುರಿದೀತಾ ಅಂತ ನಾನೇ ಮುಂದೆ ಬಂದೆ.

"ನನ್ನ ತಪ್ಪು ಅಮ್ಮಾ. ನಾನೇ ಎಲ್ಲಿಂದಲೋ ತಂದು ಗೆಡ್ಡೆ ಅದಲುಬದಲು ಮಾಡಿಬಿಟ್ಟೆ" ಅಂದೆ. ಹೋಯ್ತು, ನನ್ನ ಹೊಸ ಕೆಲಸ ಅಲ್ಲಿಗೇ ಹೋಯ್ತು.

ಗಂಡಿನ ತಾಯಿ ನನ್ನನ್ನ ನೋಡಿದ್ರು, ಟೀಚರಮ್ಮನನ್ನ ನೋಡಿದ್ರು. ಆಮೇಲೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದ್ರು:

"ಹಂಗಾದ್ರೆ ನಮ್ಮನೆ ಅಂಗಳಕ್ಕೂ ಒಂದ್ಸಲ ಬಂದು ಹೋಗಮ್ಮ. ನಾವು ಹೆಣ್ಣು ನೋಡ್ಕೊಂಡು ಹೋದ ಮೇಲೆ, ನಮ್ಮ ನೇರಳೆ ಸಾಲಲ್ಲೂ ಒಂದು ಬಿಳಿ ಬಂದಿದೆ."