ಅರ್ಧ ನಿಮಿಷದ ತೆಂಗಿನಕಾಯಿ

ನಮ್ಮ ಕಡೆಯವರಿಗೆ ಬರಿಗೈಯಲ್ಲಿ ಎಲ್ಲಿಗೂ ಹೋಗಲು ಬರುವುದಿಲ್ಲ. ಬಾಣಂತಿಯನ್ನು ನೋಡಲು ಹೋದರೂ ಕಾಯಿ, ಕಾಲು ಮುರಿದುಕೊಂಡವರನ್ನು ನೋಡಲು ಹೋದರೂ ಕಾಯಿ, ಬೆಂಗಳೂರಿನ ನೆಂಟರ ಮನೆಗಂತೂ ಚೀಲದ ತುಂಬ ಕಾಯಿ. ಬಾಗಿಲು ತೆರೆದ ನೆಂಟರ ಕಣ್ಣು ಮೊದಲು ಹೋಗುವುದೇ ಆ ಚೀಲದ ಮೇಲೆ. ನನಗೆ ಇದರ ಜೊತೆಗೆ ಇನ್ನೊಂದು ಕಾಯಿಲೆಯೂ ಇದೆ. ಯಾರಾದರೂ ಕಾಯಿಯ ಮಾತೆತ್ತಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ತುರುವೇಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ದಿನವಿಡೀ ಬಾಯಿ ಮುಚ್ಚಿಕೊಂಡು ಕೂರುವ ನಾನು, ದಬ್ಬೇಘಟ್ಟದ ಹತ್ತಿರವಿರುವ ನಮ್ಮ ಮೂವತ್ತು ಮರಗಳ ವಿಷಯ ಬಂದರೆ ಮಾತ್ರ ಭಾಷಣಕಾರನಾಗುತ್ತೇನೆ. ಇದರಿಂದ ಯಾರಿಗೂ ಕೇಡಾಗದು ಎಂದುಕೊಂಡಿದ್ದೆ. ಆದರೆ ಆಯಿತು, ಅದೂ ನನ್ನ ಒಬ್ಬನೇ ಒಬ್ಬ ಗೆಳೆಯನಿಗೆ.

ಗೆಳೆಯನೆಂದರೆ ಅಮೀರ್‌ಜಾನ್. ಬಸ್ ನಿಲ್ದಾಣದ ಹಿಂದೆ ಅವನ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಸಂಜೆ ಕಚೇರಿ ಮುಗಿಸಿ ಅಲ್ಲಿಗೆ ಹೋಗಿ ಕೂರುವುದು ನನ್ನ ಅಭ್ಯಾಸ. ಅವನ ಬಳಿ ಇಂಗ್ಲಿಷ್ ಹಾಡುಗಾರರ ಗುಂಪೊಂದರ ಕ್ಯಾಸೆಟ್ ಇತ್ತು. ಕೆಲಸ ಕಲಿಯುವ ದಿನಗಳಲ್ಲಿ ಯಾರೋ ಕಾರಿನವರು ಕೆಟ್ಟ ಪ್ಲೇಯರಿನ ಸಮೇತ ಕೊಟ್ಟು ಹೋದವರು ಮತ್ತೆ ಬರಲಿಲ್ಲವಂತೆ. ಪ್ಲೇಯರಿನ ಹಲ್ಲಿಗೆ ಸಿಕ್ಕಿ ಗೋಜಲಾಗಿದ್ದ ಟೇಪನ್ನು ಅಮೀರ್ ಬ್ಲೇಡಿನಿಂದ ಕತ್ತರಿಸಿ, ಉಳಿದ ತುದಿಗಳನ್ನು ಅಂಟಿಸಿದ್ದ. ಹಾಗಾಗಿ ಆ ಗುಂಪಿನ ಅತ್ಯಂತ ಹೆಸರುವಾಸಿ ಹಾಡಿನ ನಟ್ಟನಡುವೆ ಸುಮಾರು ಅರ್ಧ ನಿಮಿಷ ಮಾಯವಾಗಿತ್ತು. ಹಾಡುಗಾರ ಕೂಗುತ್ತಾ ಕೂಗುತ್ತಾ ಏರುತ್ತಾನೆ, ಟಕ್ ಎಂದು ಸದ್ದಾಗುತ್ತದೆ, ಆಮೇಲೆ ನೇರವಾಗಿ ಡ್ರಮ್ಮು. ಹದಿನೈದು ವರ್ಷದಿಂದ ಅಮೀರನಿಗೆ ಅದೊಂದೇ ಚಿಂತೆ. "ಅಲ್ಲೇನೋ ಐತೆ ಸಾರ್. ಅಷ್ಟೆತ್ತರಕ್ಕೆ ಹತ್ತಿಸಿ ಸುಮ್ನೆ ಇಳಿಸಾಕಿಲ್ಲ. ನಾನೇ ಕತ್ತರಿಸಿ ಬಿಸಾಕ್ದೆ ಕಣ್ರೀ" ಎಂದು ಆಗಾಗ ಪೇಚಾಡುತ್ತಿದ್ದ. ತುಮಕೂರಿನ ಅಂಗಡಿಗಳಲ್ಲೆಲ್ಲ ಹುಡುಕಿಸಿದ್ದ, ಆ ಕ್ಯಾಸೆಟ್ ಎಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಎರಡು ಕೆಟ್ಟ ಸುದ್ದಿ ಬಂದವು. ಊರಿಗೆ ಸಿ.ಡಿ. ಬಂದು ಟೇಪ್ ರೆಕಾರ್ಡರ್ ಹಿಡಿದು ಅಂಗಡಿಗೆ ಬರುವವರು ಕಡಿಮೆಯಾದರು. ಅದಾದರೂ ಪರವಾಗಿಲ್ಲ, ಅಮೀರನ ಕಿವಿಯೇ ಹೋಗತೊಡಗಿತು. ಬಲಗಿವಿ ಆಗಲೇ ಹೋಗಿತ್ತು, ಎಡಗಿವಿ ಹೋಗುವ ದಾರಿಯಲ್ಲಿತ್ತು. ನರ ಸೋಲುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ದಿನಗಳಲ್ಲೇ ಕಚೇರಿಗೆ ಬರುವ ಇಂಗ್ಲಿಷ್ ಪೇಪರಿನಲ್ಲಿ ನಾನು ಒಂದು ಜಾಹೀರಾತು ಕಂಡೆ. ಅದೇ ಗುಂಪು ಬೆಂಗಳೂರಿಗೆ ಬರುತ್ತಿತ್ತು! ಈ ಪರದೇಶದ ಹಾಡುಗಾರರ ಪದ್ಧತಿಯೇ ಹೀಗೆ. ಪ್ರಾಯದಲ್ಲಿ ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಮಂಡಿನೋವು ಶುರುವಾದ ಮೇಲೆ ಬಂದು ಕುಣಿಯುತ್ತಾರೆ. ಪೇಪರಿನಲ್ಲಿದ್ದ ಫೋಟೋದಲ್ಲಿ ಹಾಡುಗಾರನಿಗೆ ಮುಂದೆ ಬೋಳು, ಹಿಂದೆ ಬೆಳ್ಳಗಿನ ಜುಟ್ಟು. ಥೇಟ್ ನಮ್ಮ ಅಜ್ಜನ ಕಾಲದ ಪುರೋಹಿತರು. ಅಮೀರ್ ಆ ಪೇಪರನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. "ಎಡಗಿವಿ ಇನ್ನೊಂದೆರಡು ತಿಂಗಳು ತಡೀತದೆ ಸಾರ್. ಕರ್ಕೊಂಡು ಹೋಗಿ" ಎಂದ. ಅವನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಹೊರಡುವ ಬೆಳಿಗ್ಗೆ ನನ್ನ ಹೆಂಡತಿ ಸುಶೀಲ ನಾಲ್ಕು ಕಾಯಿ ತಂದು ಮುಂದಿಟ್ಟಳು. ಎರಡು, ನಾವು ರಾತ್ರಿ ಉಳಿಯಬೇಕಾಗಿದ್ದ ಅವಳ ಅಕ್ಕನ ಮನೆಗೆ. ಇನ್ನೆರಡು ಯಾರಿಗೆ ಎಂದೆ. "ಹಾಡೋರು ಅಷ್ಟು ವಯಸ್ಸಾದೋರು ಅಂತೀರಾ. ಹಿರಿಯರನ್ನ ನೋಡೋಕೆ ಬರಿಗೈಲಿ ಹೋಗ್ತಾರೇನ್ರೀ?" ಎಂದಳು. ಹತ್ತಿರ ಹೋಗುವುದು ಸಾಧ್ಯವೇ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ತೆಗೆದುಕೊಂಡೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬರಬಾರದ ಕಡೆ ಮಾತ್ರ ಅದು ಚೆನ್ನಾಗಿ ಬರುತ್ತದೆ.

ಕುಣಿಗಲ್ ಹತ್ತಿರ ಬಸ್ಸು ಕೆಟ್ಟು ನಿಂತು, ಅಕ್ಕನ ಮನೆಗೆ ಹೋಗಿ ಚೀಲ ಇಟ್ಟು ಬರಲು ಹೊತ್ತಿಲ್ಲದೆ, ಕಾಯಿಯ ಸಮೇತ ನೇರವಾಗಿ ಮೈದಾನದ ಗೇಟಿಗೆ ಹೋದೆವು. ಇನ್ನೂ ಬಿಸಿಲಿತ್ತು. ಖಾಕಿ ತೊಟ್ಟ ಕಾವಲುಗಾರ ಚೀಲ ಬಿಚ್ಚಿಸಿ ನೋಡಿ ಹೌಹಾರಿದ. "ಇದನ್ನ ಒಳಗೆ ಬಿಡಂಗಿಲ್ಲ ಸಾರ್. ಯಾರಾದ್ರೂ ಸ್ಟೇಜ್ ಮೇಲೆ ಎಸೆದ್ರೆ? ಅಲ್ಲಿ ಹಾಕಿ" ಎಂದು ಒಂದು ರಾಶಿ ತೋರಿಸಿದ. ನೀರಿನ ಬಾಟಲಿ, ಛತ್ರಿ, ಬೆಲ್ಟು, ಅರ್ಧ ತಿಂದ ಚಿಪ್ಸು. ಅದರ ಮೇಲೆ ನಮ್ಮ ಕಾಯಿ! ಅಮೀರ್ ಮೆಲ್ಲಗೆ "ಹಾಕ್ಬುಡಿ ಸಾರ್, ಶುರುವಾಗ್ತದೆ" ಎಂದ. ನಾನು ಅವನ ಎಡಗಿವಿಗೆ ಬಾಯಿಟ್ಟು ಸಮಾಧಾನ ಹೇಳಿದೆ. "ಅವಸರ ಯಾಕೆ? ನಿನ್ನ ಹಾಡು ಕೊನೆಗೇ ಬರೋದು. ಯಾವ ನಾಟಕದಲ್ಲಾದ್ರೂ ಭೀಮ ಮೊದಲೇ ಗದೆ ಎತ್ತುತ್ತಾನೇನೋ?" ಟಿಕೆಟ್ಟುಗಳೆರಡೂ ನನ್ನ ಜೇಬಿನಲ್ಲಿದ್ದವು. ಅವನು ಕಂಬ ಹಿಡಿದುಕೊಂಡು ನಿಂತ.

ಆಮೇಲೆ ನಾನು ಕಾವಲುಗಾರನ ಕಡೆ ತಿರುಗಿದೆ. ಕಾಯಿ ಎಸೆಯುವ ಜನ ನಾವಲ್ಲ ಎಂದೆ. ಒಳಗೆ ಏನೋ ಗುಡುಗುಡು ಶುರುವಾಯಿತು, ನಾನು ದನಿ ಏರಿಸಿದೆ. ಒಳಗಿನ ಕೂಗಾಟ ಹೆಚ್ಚಿತು, ನಾನೂ ಹೆಚ್ಚಿಸಿದೆ. ಅಮೀರ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಅದುಮಿದ. ಗೆಳೆಯ ನನ್ನ ಬೆಂಬಲಕ್ಕೆ ನಿಂತ ಎಂದುಕೊಂಡು ನನಗೆ ಇನ್ನಷ್ಟು ಹುರುಪು ಬಂತು. "ತೂಕ ನೋಡ್ರೀ! ಅಲ್ಲಾಡಿಸಿ ನೋಡ್ರೀ! ನಮ್ಮ ತೋಟದ್ದು ಕಣ್ರೀ, ಗೊಬ್ಬರದ ಅಂಗಡಿ ಕಂಡ ಮರ ಅಲ್ಲ!" ಎಂದು ಅರಚಿದೆ. ಕಡೆಗೆ ಕಾವಲುಗಾರ ಸೋತು, "ಹಂಗಾದ್ರೆ ನಮ್ಮನೆಗೆ ತಗೊಂಡು ಹೋಗ್ತೀನಿ, ಕೊಡಿ" ಎಂದ. ಸಂತೋಷದಿಂದ ನಾಲ್ಕನ್ನೂ ಕೊಟ್ಟೆ. ಗೆದ್ದವನ ಹಾಗೆ ಅಮೀರನ ಕೈ ಹಿಡಿದು ಒಳಗೆ ನಡೆದೆ.

ಒಳಗೆ ಅವರು ಎರಡು ಗಂಟೆ ಹಾಡಿದರು. ಮುದುಕ ಆಗಾಗ ಕುರ್ಚಿಯ ಮೇಲೆ ಕೂರುತ್ತಿದ್ದ, ಎತ್ತರದ ಜಾಗ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿ ಅವರಿಂದಲೇ ಹಾಡಿಸುತ್ತಿದ್ದ. ನಾನು ಪ್ರತಿ ಹಾಡು ಮುಗಿದಾಗಲೂ ಅಮೀರನಿಗೆ "ಈಗ ಬರುತ್ತೆ ನೋಡು" ಎಂದು ಸನ್ನೆ ಮಾಡುತ್ತಿದ್ದೆ. ಅವನು ಪ್ರತಿ ಸಲವೂ ತಲೆಯಾಡಿಸುತ್ತಿದ್ದ. ಕೊನೆಗೆ ಎಲ್ಲರೂ ಕೈಕೈ ಹಿಡಿದು ಬಾಗಿ ನಮಸ್ಕರಿಸಿ ಹೊರಟೇಬಿಟ್ಟರು. ನಾನು ಮೋಸ, ಮೋಸ ಎಂದು ಕೂಗಾಡಿದೆ. ಅಮೀರ್ ನನ್ನ ತೋಳು ಹಿಡಿದು ಹೊರಗೆ ಕರೆತಂದು ಹೇಳಿದ:

"ಮೊದಲೇ ಆಯ್ತು ಸಾರ್ ಅದು. ವಯಸ್ಸಾಗೈತಲ್ಲ, ದಣಿಯೋಕೆ ಮುಂಚೆ ಹಾಡಿ ಮುಗಿಸ್ಬುಟ್ರು."

"ಮೊದಲೇ ಅಂದರೆ ಯಾವಾಗ?"

"ನೀವು ಕಾಯಿ ವಿಚಾರ ಮಾತಾಡ್ತಿದ್ರಲ್ಲ, ಆವಾಗ."

"ಆ ಅರ್ಧ ನಿಮಿಷ? ಕೇಳಿಸ್ತಾ?"

ಅವನು ನಕ್ಕ. "ಕಿವಿ ಪಕ್ಕದಲ್ಲೇ ನೀವಿದ್ರಲ್ಲ ಸಾರ್" ಎಂದ. ನನ್ನ ಎರಡು ಗಂಟೆಯ ಸಂತೋಷವನ್ನು ಕೆಡಿಸಬಾರದೆಂದು ಅವನು ಅಷ್ಟು ಹೊತ್ತು ಸುಮ್ಮನಿದ್ದ. ಅಕ್ಕನ ಮನೆಯ ಬಾಗಿಲಲ್ಲಿ ನಾವು ಬರಿಗೈಯಲ್ಲಿ ನಿಂತೆವು. ಆಕೆ ನನ್ನ ಕೈ ನೋಡಿದಳು. ನನಗೆ ಅಳು ಬರುವ ಹಾಗಾಯಿತು, ಆಕೆ ಅದಕ್ಕೆ ಬೇರೆ ಕಾರಣ ಊಹಿಸಿಕೊಂಡು ಪರವಾಗಿಲ್ಲ ಬನ್ನಿ ಎಂದಳು.

ಎರಡು ತಿಂಗಳು ತಡೆಯುತ್ತದೆಂದಿದ್ದ ಎಡಗಿವಿ ಐದು ತಿಂಗಳು ತಡೆಯಿತು. ನಾನು ಆರನೆಯ ತಿಂಗಳಲ್ಲಿ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಆ ಕ್ಯಾಸೆಟ್ ಹುಡುಕಿ ತಂದೆ. ನನ್ನ ಕೆಲಸಗಳೆಲ್ಲ ಹೀಗೆಯೇ. ಅಮೀರ್ ಆಗ ಮಿಕ್ಸಿ ರಿಪೇರಿಗೆ ಇಳಿದಿದ್ದ; ಅದರ ರೋಗ ಕೈಗೆ ತಿಳಿಯುತ್ತದಂತೆ. ಅವನು ಕ್ಯಾಸೆಟ್ ಹಾಕಿ ಸ್ಪೀಕರಿನ ಮೇಲೆ ಅಂಗೈ ಊರಿ ಕುಳಿತ. ಹಾಡುಗಾರ ಕೂಗುತ್ತಾ ಏರಿದ. ಟಕ್ ಎನ್ನುವ ಜಾಗ ಬಂತು. ಈ ಸಲ ಟಕ್ ಎನ್ನಲಿಲ್ಲ. ಒಂದು ಗಿಟಾರ್ ಮಾತ್ರ ತೀರ ಸಣ್ಣಗೆ, ಒಬ್ಬಂಟಿಯಾಗಿ ಶುರುವಾಯಿತು. ಅಂಗೈಗೆ ತಿಳಿಯುವಷ್ಟೂ ಸದ್ದಿರಲಿಲ್ಲ.

"ಏನೈತೆ ಸಾರ್ ಅಲ್ಲಿ?" ಎಂದು ಅಮೀರ್ ನನ್ನ ತುಟಿ ನೋಡುತ್ತಾ ಕೇಳಿದ.

 ನಾನು ಚೀಟಿ ತೆಗೆದು "ಗಿಟಾರ್" ಎಂದು ಬರೆದೆ. ಮುಂದೇನು ಬರೆಯಬೇಕೋ ತಿಳಿಯಲಿಲ್ಲ. ಅಮೀರ್ ಚೀಟಿ ಓದಿ ಜೇಬಿಗಿಟ್ಟುಕೊಂಡ.

"ಬುಡಿ ಸಾರ್, ನನ್ನ ತಲೇಲಿ ಅಲ್ಲಿ ಬೇರೆ ಐತೆ" ಎಂದವನೇ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ; ಹಾಡುಗಾರ ಏರಿ ನಿಂತದ್ದು ಅಂಗೈಗೆ ತಿಳಿದೊಡನೆ, ಇನ್ನೊಂದು ಕೈಯಲ್ಲಿ ಮೇಜು ಕುಟ್ಟುತ್ತಾ ನನ್ನದೇ ದನಿಯಲ್ಲಿ ಶುರು ಮಾಡಿದ. "ತೂಕ ನೋಡ್ರೀ! ಅಲ್ಲಾಡಿಸಿ ನೋಡ್ರೀ! ನಮ್ಮ ತೋಟದ್ದು ಕಣ್ರೀ!" ಒಂದು ಮಾತೂ ಬಿಡದೆ ಪೂರ್ತಿ ಹೇಳಿ, ಸರಿಯಾಗಿ ಡ್ರಮ್ಮು ಬೀಳುವ ಹೊತ್ತಿಗೆ ನಿಲ್ಲಿಸಿದ. ಅಂಗೈ ಕೆಳಗೆ ಡ್ರಮ್ಮು ನಡುಗಿದಾಗ ಅವನ ಮುಖ ಅರಳಿತು.

ನಾನು ಆ ದಿನವೂ ಬರಿಗೈಯಲ್ಲಿ ಹೋಗಿರಲಿಲ್ಲ. ಚೀಲದಿಂದ ಎರಡು ಕಾಯಿ ತೆಗೆದು, ಏನೂ ಮಾತಾಡದೆ ಮೇಜಿನ ಮೇಲಿಟ್ಟೆ.