ಓಡ್ವಾರನ ಅದ್ಭುತಗಳ ಪುಸ್ತಕ

ನಿವೃತ್ತ ದೋಣಿ ಎಂಜಿನಿಯರ್ ಓಡ್ವಾರ್ ಆ ಭಾನುವಾರ ಪ್ರಾರ್ಥನಾ ಮಂದಿರದಿಂದ ಮನೆಗೆ ಬಂದದ್ದು ನಡೆದುಕೊಂಡಲ್ಲ, ಹೆಚ್ಚುಕಡಿಮೆ ಹಾರಿಕೊಂಡು! ಬೋಧಕರು ದ್ವೀಪದವರಿಗೆಲ್ಲ ಒಂದು ಕೆಲಸ ಹಚ್ಚಿದ್ದರು. ದೇವರು ದಿನನಿತ್ಯ ಮಾಡುವ ಸಣ್ಣಪುಟ್ಟ ಅದ್ಭುತಗಳನ್ನು ಒಂದು ವಾರ ಪುಸ್ತಕದಲ್ಲಿ ಬರೆದಿಡಬೇಕು. ಶನಿವಾರ ಮಂದಿರದಲ್ಲಿ ನಡೆಯುವ ಧರ್ಮಾರ್ಥ ಬಜಾರಿನ ದಿನ ಎಲ್ಲರ ಮುಂದೆ ಎದ್ದುನಿಂತು ಸಾಕ್ಷಿ ಹೇಳಬೇಕು.

"ಹೋದ ವರ್ಷ ಆ ಮೀನುಗಾರ ತೋರ್ಮೋಡ್ ಒಂದೇ ಒಂದು ಮೀನಿನ ಕಥೆ ಹೇಳಿ ಹೆಂಗಸರನ್ನೆಲ್ಲ ಅಳಿಸಿಬಿಟ್ಟ," ಎಂದು ಓಡ್ವಾರ್ ಕೋಟು ಬಿಚ್ಚುತ್ತಲೇ ಗುಡುಗಿದ. "ಒಂದೇ ಮೀನು! ಈ ಸಲ ನೋಡ್ತಾ ಇರು, ದಿನಕ್ಕೆರಡರಂತೆ ಅದ್ಭುತ ಹಿಡಿದು ತರ್ತೀನಿ!"

ಹೆಂಡತಿ ಬೋರ್ಗಿಲ್ಡ್ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಬರ್ಗೆನ್ ಪಟ್ಟಣದಲ್ಲಿ ಮಗಳು ಹೆತ್ತಿದ್ದಳು, ಬೆಳಗಿನ ದೋಣಿಗೆ ಹೊರಡಬೇಕಿತ್ತು.

"ಮೊಮ್ಮಗಳು ಹುಟ್ಟಿದಾಳಲ್ಲ, ಅದನ್ನೇ ಮೊದಲು ಬರ್ಕೋ."

"ಅದು ಎಲ್ಲರ ಮನೇಲೂ ಆಗತ್ತೆ ಕಣೆ. ನನಗೆ ಸ್ವಲ್ಪ ತೂಕದ್ದು ಬೇಕು."

"ತೂಕದ್ದು ಹುಡುಕ್ತಾ ಕೂರು ಹಾಗಾದ್ರೆ. ಇಲ್ಲಿ ಕೇಳು, ಈ ಸಲ ಬಜಾರಿನ ಜವಾಬ್ದಾರಿ ನನ್ನದು. ಪ್ರತಿ ವರ್ಷದ ಹಾಗೆ ಬೋಧಕರ ಮನೆಗಲ್ಲ, ನಮ್ಮನೆ ಬಾಗಿಲಿಗೇ ಎಲ್ಲರೂ ಚೀಟಿ ಎತ್ತಿ ಕೊಡೋ ಬಹುಮಾನದ ಸಾಮಾನು ತಂದು ತೂಗುಹಾಕಿ ಹೋಗ್ತಾರೆ. ಒಳಗಿಟ್ಟು, ಶನಿವಾರ ಮಂದಿರಕ್ಕೆ ತಂದುಬಿಡು. ಮೊದಲನೇ ಸಲ ವಹಿಸಿಕೊಂಡಿದ್ದೀನಿ, ಮರ್ಯಾದೆ ಪ್ರಶ್ನೆ. ಕೇಳಿಸ್ತಾ?"

"ಹ್ಞೂಂ," ಎಂದ ಓಡ್ವಾರ್. ಅಷ್ಟು ಹೊತ್ತೂ ಅವನು ಹೊಸ ಪುಸ್ತಕದ ಮೊದಲ ಪುಟದಲ್ಲಿ ತನ್ನ ಹೆಸರನ್ನು ಮೂರು ಬಗೆಯಲ್ಲಿ ಬರೆದು, ಯಾವುದು ಗಂಭೀರವಾಗಿ ಕಾಣುತ್ತದೆಂದು ಪರೀಕ್ಷಿಸುತ್ತಿದ್ದ.

ಸೋಮವಾರ ಹೆಂಡತಿ ಹೋದಳು. ಅದ್ಭುತ ಬರಲಿಲ್ಲ. ಮಂಗಳವಾರ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಬೆಕ್ಕು ಇಲಿಗೆ ಕಾಯುವಂತೆ ಕಾದ. ಒಂದು ಕಡಲಹಕ್ಕಿ ಬಂದು ಅಂಗಳದಲ್ಲಿ ಗಲೀಜು ಮಾಡಿ ಹೋಯಿತು, ಅಷ್ಟೆ. ಸಂಜೆಯ ಹೊತ್ತಿಗೆ ಹಸಿವು, ಬೇಜಾರು, ಜೊತೆಗೆ ತೋರ್ಮೋಡನ ನಗುಮುಖ ಕಣ್ಣ ಮುಂದೆ!

ಬುಧವಾರ ಬೆಳಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಚೀಲ ತೂಗುತ್ತಿತ್ತು. ಒಳಗೆ ತೊಳೆದು ಸ್ವಚ್ಛಮಾಡಿದ ಎರಡು ಭರ್ಜರಿ ಕಾಡ್ ಮೀನು! ಹೆಸರಿಲ್ಲ, ಚೀಟಿಯಿಲ್ಲ. ಓಡ್ವಾರ್ ಆಕಾಶದತ್ತ ನೋಡಿದ. ಪ್ರವಾದಿ ಎಲೀಯನಿಗೆ ಕಾಗೆಗಳು ಊಟ ತಂದುಕೊಟ್ಟದ್ದು ನೆನಪಾಗಿ ಅವನ ಮೈ ಜುಮ್ಮೆಂದಿತು. ಆಲೂಗಡ್ಡೆ, ಬೆಣ್ಣೆಯ ಜೊತೆ ಬೇಯಿಸಿ, ಸ್ತೋತ್ರ ಹೇಳಿ, ಎರಡನ್ನೂ ಮುಗಿಸಿಯೇ ಎದ್ದ. 'ಅದ್ಭುತ ಸಂಖ್ಯೆ ಒಂದು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಆಮೇಲೆ ಸ್ವರ್ಗದ ಬಾಗಿಲು ತೆರೆದೇ ಹೋಯಿತು! ಮಧ್ಯಾಹ್ನ ಕಂದು ಚೀಸಿನ ಗಟ್ಟಿ. ಸಂಜೆ ಬಾದಾಮಿ ಕೇಕು. ಗುರುವಾರ ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಮೆತ್ತನೆಯ ಲೆಫ್ಸೆ ರೊಟ್ಟಿಗಳು, ಒಂದು ಬಾಟಲಿ ಕ್ಲೌಡ್‌ಬೆರಿ ಎಂಬ ಹೊಂಬಣ್ಣದ ಕಾಡುಹಣ್ಣಿನ ಜಾಮು. ದೇವರ ಕೊಡುಗೆಯನ್ನು ನಾಳೆಗೆಂದು ಎತ್ತಿಡುವುದು ಅಪನಂಬಿಕೆ ಎಂದು ತೀರ್ಮಾನಿಸಿ ಓಡ್ವಾರ್ ಎಲ್ಲವನ್ನೂ ಅಂದಂದೇ ಪೂರೈಸಿದ. ಪ್ಯಾಂಟಿನ ಗುಂಡಿ ಪ್ರತಿಭಟಿಸಿತು. ಅವನು ಲೆಕ್ಕಿಸಲಿಲ್ಲ.

ಶುಕ್ರವಾರ ಬಂದದ್ದು ಕಪ್ಪು ಬಿಳಿ ಚುಕ್ಕೆಯ, ಕೈಯಲ್ಲಿ ಹೆಣೆದ ಉಣ್ಣೆಯ ಸ್ವೆಟರ್. ತೊಟ್ಟು ನೋಡಿದ. ಹೊಲಿಸಿ ತಂದ ಹಾಗೆ ಕೂತಿತು! ಕನ್ನಡಿಯ ಮುಂದೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದ. ಸೃಷ್ಟಿಕರ್ತನಿಗೆ ಇಷ್ಟೆಲ್ಲ ಕೆಲಸದ ನಡುವೆಯೂ ಈ ಓಡ್ವಾರನ ಎದೆಯ ಸುತ್ತಳತೆ ನೆನಪಿದೆಯಲ್ಲ!

ಅಷ್ಟರಲ್ಲಿ ಬೋರ್ಗಿಲ್ಡ್‌ಳ ಫೋನು ಬಂತು.

"ಬಾಗಿಲಿಗೆ ಏನಾದ್ರೂ ಬಂತಾ?"

ಓಡ್ವಾರ್ ದಂಗಾದ. ಬರ್ಗೆನ್‌ನಲ್ಲಿ ಕೂತವಳಿಗೆ ಇದು ಹೇಗೆ ತಿಳಿಯಿತು? "ಬಂತಾ ಅಂದ್ರೆ? ಧಾರಾಳವಾಗಿ ಬಂತು!"

"ಅಬ್ಬ! ಎಲ್ಲಾ ಜೋಪಾನವಾಗಿದೆ ತಾನೆ?"

"ನನ್ನ ಎದೆಗವಚಿಕೊಂಡಿದ್ದೀನಿ," ಎಂದ, ಸ್ವೆಟರ್ ಸವರುತ್ತ.

"ಪರವಾಗಿಲ್ವೆ, ಈ ಸಲ ಹೇಳಿದ್ದು ಕೇಳಿದೀಯ. ನಾಳೆ ನೇರ ಮಂದಿರಕ್ಕೇ ಬರ್ತೀನಿ."

ಫೋನಿಟ್ಟವನೇ ಬರೆದ: 'ಅದ್ಭುತ ಸಂಖ್ಯೆ ಏಳು. ನನ್ನ ಹೆಂಡತಿಗೆ ದಿವ್ಯಜ್ಞಾನ ಉಂಟಾಗಿದೆ.'

ಶನಿವಾರ ಮಂದಿರ ಕಿಕ್ಕಿರಿದಿತ್ತು. ಮಡಗಾಸ್ಕರಿನ ಆಸ್ಪತ್ರೆಗಾಗಿ ನಡೆಯುವ ಬಜಾರು ತಪ್ಪಿಸಿಕೊಂಡರೆ ದ್ವೀಪದಲ್ಲಿ ಮುಖ ತೋರಿಸುವುದು ಕಷ್ಟ. ಚೀಟಿ ಎತ್ತಿ ಹಂಚುವ ಬಹುಮಾನಗಳಿಗೆಂದು ಬೋರ್ಗಿಲ್ಡ್ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಕಾಯುತ್ತಿದ್ದಳು. ಮೇಜಿನ ಮೇಲೆ ಅವಳೇ ತಂದ ಒಂದು ಜೊತೆ ಕೈಗವಸು ಬಿಟ್ಟರೆ ಬೇರೇನಿಲ್ಲ. ಓಡ್ವಾರ್ ಬರಿಗೈಯಲ್ಲಿ, ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಒಳಬಂದ. ಅವಳು "ಸಾಮಾನೆಲ್ಲೋ?" ಎಂದು ಬಾಯಿ ತೆರೆಯುವಷ್ಟರಲ್ಲಿ ಬೋಧಕರು ಅವನನ್ನು ವೇದಿಕೆಗೆ ಕರೆದುಬಿಟ್ಟರು.

"ಸಹೋದರ ಸಹೋದರಿಯರೇ!" ಓಡ್ವಾರನ ಕಂಠ ಹಡಗಿನ ಕೂಗಿನಂತೆ ಮೊಳಗಿತು. "ಬುಧವಾರ ಬೆಳಗ್ಗೆ ಸ್ವರ್ಗದಿಂದ ನನಗೆ ಎರಡು ಮೀನು ಇಳಿದು ಬಂದ್ವು."

"ಸ್ವರ್ಗದಿಂದ?" ಎಂದ ಹಿಂದಿನ ಬೆಂಚಿನ ತೋರ್ಮೋಡ್. "ನನ್ನ ದೋಣಿಯಿಂದ ಕಣಯ್ಯ!"

ಓಡ್ವಾರ್ ಅಸೂಯೆ ಎಂದುಕೊಂಡು ಮುಂದುವರಿದ. ಚೀಸಿನ ಅದ್ಭುತಕ್ಕೆ ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ಬಾದಾಮಿ ಕೇಕಿಗೆ ಬೋಧಕರ ಹೆಂಡತಿ "ಅಯ್ಯೋ, ನನ್ನ ಕೇಕು!" ಎಂದು ಕೂಗಿದರು. ಲೆಫ್ಸೆಗೆ ಬಂದಾಗ ಇಡೀ ಬೆಂಚೇ ಎದ್ದುನಿಂತಿತ್ತು. ಓಡ್ವಾರ್ ಹೆಂಡತಿಯ ಮುಖ ನೋಡಿದ. ಆಮೇಲೆ ಬರಿದಾದ ಮೇಜು ನೋಡಿದ. ಭಾನುವಾರ ಒಂದು ಕಿವಿಯಿಂದ ಹೊರಟುಹೋದ ಮಾತುಗಳೆಲ್ಲ ಸಾಲಾಗಿ ಇನ್ನೊಂದು ಕಿವಿಯಿಂದ ಒಳಬಂದವು!

"ಬೋರ್ಗಿಲ್ಡ್," ಎಂದ, ಕಂಠ ಇಲಿಯಷ್ಟಾಗಿ. "ಬಜಾರು... ನಾನು... ತಿಂದ್ಬಿಟ್ಟೆ."

"ಪೂರ್ತಿನಾ?"

"ಜಾಮು ಒಂದೆರಡು ಚಮಚ ಇರಬಹುದು."

ಬೋರ್ಗಿಲ್ಡ್ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದು ಕಂಡಾಗ ಓಡ್ವಾರನಿಗೆ ನಿಜಕ್ಕೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಾನು ತಿಂದದ್ದು ಮೀನು, ಕೇಕನ್ನಲ್ಲ, ಅವಳ ಮರ್ಯಾದೆಯನ್ನು ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಿಂದ ಸ್ವೆಟರ್ ಬಿಚ್ಚಲು ಹೋದ.

"ಬಿಚ್ಚಬೇಡ್ವೋ!" ಮುಂದಿನ ಸಾಲಿನಿಂದ ಗುನ್ವೋರಜ್ಜಿ ಕೋಲೂರಿ ಎದ್ದಳು. "ನಮ್ಮ ಯಜಮಾನರಿಗೆ ಅಂತ ಶುರು ಮಾಡಿದ್ದು ಅದು. ತೋಳು ಮುಗಿಯೋ ಹೊತ್ತಿಗೆ ಅವರೇ ಇರ್ಲಿಲ್ಲ. ಕೊಟ್ಟೇನೋ ಕೊಟ್ಟೆ, ಆದ್ರೆ ಯಾರಾದ್ರೂ ಊರಾಚೆಯೋರಿಗೆ ಚೀಟಿ ಬಿದ್ರೆ ಮತ್ತೆ ಕಣ್ಣಿಗೆ ಕಾಣಲ್ವಲ್ಲಾಂತ ನಿನ್ನೆ ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಿದೀನಿ. ಈಗ ನೋಡು, ಪಕ್ಕದ ಮನೆಯೋನ ಮೈಮೇಲಿದೆ. ದಿನಾ ನೋಡ್ತೀನಿ. ಬರ್ಕೋ ನಿನ್ನ ಪುಸ್ತಕದಲ್ಲಿ, ದಡ್ಡ!"

ಓಡ್ವಾರ್ ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ, ಬಿಚ್ಚಲು ಎತ್ತಿದ್ದ ಸ್ವೆಟರನ್ನು ಮತ್ತೆ ಕೆಳಗೆಳೆದುಕೊಂಡ.

ಮಂದಿರದಲ್ಲಿ ಮೊದಲು ಮೂಗು ಸೀಟುವ ಸದ್ದು, ಆಮೇಲೆ ತೋರ್ಮೋಡನ ನಗು, ಆಮೇಲೆ ಎಲ್ಲರದ್ದೂ! ತೋರ್ಮೋಡ್ ನೇರ ಬಂದು ಓಡ್ವಾರನ ರಟ್ಟೆ ಹಿಡಿದು ಬಿಳಿ ಬಟ್ಟೆಯ ಮೇಜಿನ ಮೇಲೆ ಕೂರಿಸಿದ. "ನಮ್ಮ ಮೀನು, ಕೇಕು, ಚೀಸು ಎಲ್ಲಾ ಇದರೊಳಗೇ ಇದೆ. ಇವನೇ ಬಹುಮಾನ! ಗೆದ್ದೋರ ಮನೇಲಿ ಚಳಿಗಾಲ ಪೂರ್ತಿ ಸೌದೆ ಒಡೀಲಿ!"

ಹೆಸರು ಬರೆದ ಚೀಟಿಗಳು ಬಿಸಿ ದೋಸೆಯಂತೆ ಖರ್ಚಾದವು, ಕೊಳ್ಳದೆ ಉಳಿದವರೇ ಇಲ್ಲ. ಹಿಂದಿನ ಯಾವ ವರ್ಷವೂ ಡಬ್ಬಿ ಅಷ್ಟು ಬೇಗ ತುಂಬಿರಲಿಲ್ಲ. ಬೋಧಕರು ಕಣ್ಣುಮುಚ್ಚಿ ಒಂದು ಚೀಟಿ ಎತ್ತಿ ಹೆಸರು ಓದಿದರು.

"ಬೋರ್ಗಿಲ್ಡ್!"

ಸೂರು ಹಾರುವಂಥ ಚಪ್ಪಾಳೆ. ಬೋರ್ಗಿಲ್ಡ್ ಕಣ್ಣೊರೆಸಿಕೊಂಡು ಮೇಜಿನ ಬಳಿ ಬಂದು, ಬಹುಮಾನವನ್ನು ಮೇಲಿಂದ ಕೆಳಗೆ ನೋಡಿದಳು.

"ಕ್ಷಮಿಸಮ್ಮ," ಎಂದರು ಬೋಧಕರು ನಗು ತಡೆಯುತ್ತ, "ಇಲ್ಲಿ ಕೊಟ್ಟ ಬಹುಮಾನ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ."

"ಗೊತ್ತು ಬೋಧಕರೇ," ಎಂದಳು ಬೋರ್ಗಿಲ್ಡ್. "ನಲವತ್ತು ವರ್ಷದ ಹಿಂದೆ ಚರ್ಚಿನಲ್ಲಿ ಇವನನ್ನ ಕೊಟ್ಟಾಗಲೂ ಇದನ್ನೇ ಹೇಳಿದ್ರು!"