ಡಾಕ್ಟರ ಮೇಜಿನ ಕಂಪ್ಯೂಟರಿಗೆ ಒಂದು ಅರಿಕೆ

ಗುಂಡ್ಲುಪೇಟೆಯ ನಮ್ಮ ಡಾಕ್ಟರ ಮೇಜಿನ ಮೇಲೆ ವಿರಾಜಮಾನರಾಗಿರುವ ಕಂಪ್ಯೂಟರ್ ಅವರಿಗೆ, ಮೇಜಿನ ಈಚೆ ಸ್ಟೂಲಿನಲ್ಲಿ ಕೂರುವ ದೊಡ್ಡಮಲ್ಲಮ್ಮನ ಶರಣು ಶರಣಾರ್ಥಿ.

ಮಾನ್ಯರೇ, ಮಾದಪ್ಪನ ದಯದಿಂದ ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು, ಡಾಕ್ಟರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ತಮ್ಮ ಮುಖವನ್ನೇ ನೋಡುತ್ತಿರುತ್ತಾರೆ; ನಮ್ಮೂರ ಪೂಜಾರರು ಗರ್ಭಗುಡಿಯ ಲಿಂಗವನ್ನೂ ಅಷ್ಟು ಹೊತ್ತು ನೋಡಿದವರಲ್ಲ. ಅವರು ತಮ್ಮೊಬ್ಬರ ಮಾತನ್ನೇ ನಂಬುವುದರಿಂದ, ನನ್ನ ಕಾಯಿಲೆಯ ಸಂಗತಿಯನ್ನು ತಮ್ಮ ಮೂಲಕವೇ ಅವರಿಗೆ ಮುಟ್ಟಿಸೋಣವೆಂದು ಈ ಪತ್ರ.

ನನಗೆ ಬಿಪಿ. ಬೆಳಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ ಎಂದು ಡಾಕ್ಟರ ಅಪ್ಪಣೆಯಾಯಿತು. ವೈದ್ಯರ ಮಾತು ಮೀರುವ ಹೆಂಗಸು ನಾನಲ್ಲ. ಅಷ್ಟರಲ್ಲಿ ಕಾರ್ತಿಕ ಮಾಸ ಬಂತು. ನಮ್ಮ ಅತ್ತೆಯ ಕಾಲದಿಂದ ಆ ತಿಂಗಳೆಲ್ಲ ನಮಗೆ ಒಪ್ಪೊತ್ತು, ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ತಿಂಡಿಯೇ ಇಲ್ಲದ ಮೇಲೆ ತಿಂಡಿ ಆದ ಮೇಲಿನ ಮಾತ್ರೆ ಎಲ್ಲಿಂದ ಬರಬೇಕು? ಒಂದನ್ನೂ ನುಂಗದೆ ಅಪ್ಪಣೆ ಪಾಲಿಸಿದೆ. ಮುಂದಿನ ಸಲ ಬಂದಾಗ ಬಿಪಿ ಏರಿದೆಯೆಂದು ತಾವು ತೋರಿಸಿದಿರಿ, ಡಾಕ್ಟರು ತಮ್ಮನ್ನೇ ನೋಡುತ್ತ ಇನ್ನೂ ಜೋರಾದ ಮಾತ್ರೆ ಬರೆದರು. ನಾನು ಬಾಯಿ ತೆರೆದೆ. "ಒಂದ್ನಿಮಿಷ ಇರಮ್ಮ" ಎಂದರು. ಆ ನಿಮಿಷ ಮುಗಿಯುವುದರೊಳಗೆ ತಮ್ಮ ಪಕ್ಕದ ಯಂತ್ರ ಚೀಟಿ ಉಗುಳಿತು, ಮುಂದಿನವರು ಬಂದು ನನ್ನ ಸ್ಟೂಲಿನ ಅರ್ಧ ಹಿಡಿದರು.

ಕಾರ್ತಿಕ ಕಳೆಯಿತು, ತಿಂಡಿ ಶುರುವಾಯಿತು, ಜೋರಾದ ಮಾತ್ರೆಯೂ ಶುರುವಾಯಿತು. ಅರಿಶಿನ ಬೇಯಿಸುತ್ತಿದ್ದಾಗ ತಲೆ ಸುತ್ತಿ, ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಬಿದ್ದೆ. ಒಂದು ಗೇಣು ಅತ್ತ ಬಿದ್ದಿದ್ದರೆ ಅರಿಶಿನದ ಜೊತೆ ನಾನೂ ಬೆಂದು ಚಾಮರಾಜನಗರದ ಮಂಡಿ ಸೇರುತ್ತಿದ್ದೆ. ಮಾದಪ್ಪ ಕಾದ, ಮೊಣಕೈ ತರಚಿದ್ದಷ್ಟೇ.

ಅದನ್ನು ತೋರಿಸಲು ಬಂದ ದಿನ ಕರೆಂಟು ಹೋಗಿ ತಾವು ಕಣ್ಣು ಮುಚ್ಚಿದಿರಿ. ಡಾಕ್ಟರು ಮೊದಲ ಸಲ ನನ್ನ ಕಡೆ ತಿರುಗಿ, "ಏನಮ್ಮ, ಕೈಗೇನು ಮಾಡ್ಕೊಂಡ್ರಿ?" ಎಂದರು. ಪಾಪ, ಒಳ್ಳೆಯ ಕಣ್ಣುಗಳಿವೆ ಅವರಿಗೆ. "ತಲೆ ಸುತ್ಕಂಡು ಬುದ್ದೋದೆ ಕಣ್ ಸಾ, ಕಾರ್ತಿಕದಲ್ಲಿ ನಾನು" ಎನ್ನುವಷ್ಟರಲ್ಲಿ ತಾವು ಟಿಂಗ್ ಎಂದು ಎದ್ದಿರಿ, ಅವರು ಅತ್ತ ತಿರುಗಿಬಿಟ್ಟರು. ತಲೆಸುತ್ತಿಗೆಂದು ಇನ್ನೊಂದು ಮಾತ್ರೆ ಬಂತು. ಅದೂ ತಿಂಡಿ ಆದ ಮೇಲೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ನನ್ನ ಸರದಿ ಬಂದಾಗ ತಾವು ದಯಮಾಡಿ ತಮ್ಮ ಮೈಮೇಲೆ ನನ್ನ ಮುಖವನ್ನೇ ಮೂಡಿಸಿಕೊಳ್ಳಬೇಕು. ಅದಾಗದಿದ್ದರೆ ಬರುವ ಕಾರ್ತಿಕದಲ್ಲಿ ನನ್ನ ಜೊತೆ ಒಪ್ಪೊತ್ತು ಹಿಡಿದು, ಸಂಜೆ ದೀಪ ಹಚ್ಚುವವರೆಗೆ ಕರೆಂಟು ಮುಟ್ಟದೆ ಇರಬೇಕು. ಆಯುಧಪೂಜೆಯಲ್ಲಿ ತಮ್ಮ ಬೆನ್ನ ಮೇಲೂ ವಿಭೂತಿ ಕಂಡಿದ್ದೇನೆ. ಪುಣ್ಯ ತಮಗೂ ಬೇಡವೇ?

ಇದುವರೆಗೆ ತಮ್ಮ ಬೆನ್ನನ್ನಷ್ಟೇ ಕಂಡಿರುವ,
ತಮ್ಮ ವಿಶ್ವಾಸಿ
ದೊಡ್ಡಮಲ್ಲಮ್ಮ

ಮರೆತ ಮಾತು: ಮುಂದಿನ ಸಲ ನಾನು ಸ್ಟೂಲಿನಲ್ಲಿ ಕೂತ ಗಳಿಗೆಗೆ ಸರಿಯಾಗಿ ಕರೆಂಟು ಹೋಗಲೆಂದು ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದೇನೆ. ತಮ್ಮ ಮೇಲೆ ಹಗೆಯೇನಿಲ್ಲ. ತಮಗಾಗಿ ಇನ್ವರ್ಟರ್ ತರಿಸುತ್ತಾರೆಂದು ಟೋಕನ್ ಕೊಡುವ ಪುಟ್ಟಮಾದು ಹೇಳಿದ. ಅದು ಬರುವ ಮೊದಲು ನಾನು ಒಂದು ಮಾತು ಕೇಳಿ ಮುಗಿಸಬೇಕು. ತಿಂಡಿ ತಿನ್ನದ ದಿನ ಮಾತ್ರೆ ನುಂಗಲೋ, ಬೇಡವೋ?